ಫೋಲ್ಡರಿಗೊಂದು ಶ್ರೀ

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಹಲ್ಲುಜ್ಜುತ್ತಿದ್ದೆ. ಫೋನಿನಲ್ಲಿ ವಿಷಯ ಕೇಳಿದ ನನ್ನ ಹೆಂಡತಿ ಬಚ್ಚಲ ಬಾಗಿಲಿಗೆ ಬಂದು ಹೇಳಿದಳು. ನಾನು ಬಾಯಿ ಮುಕ್ಕಳಿಸಿ ಉಗಿದೆ. ಹಲ್ಲುಜ್ಜುವವರು ಯಾರೇ ಆದರೂ ಮಾಡುವುದು ಅದನ್ನೇ. ಆದರೆ ಆಕೆಗೆ ಅದು ಸುದ್ದಿಗೆ ಕೊಟ್ಟ ಉತ್ತರದಂತೆ ಕಂಡಿತೋ ಏನೋ, “ಸತ್ತೋರ ಮೇಲೆ ಇನ್ನೂ ಯಾಕ್ರೀ ಸಿಟ್ಟು, ಹೋಗಿ ಒಂದು ಹಾರ ಹಾಕಿ ಬನ್ನಿ” ಎಂದಳು. ಹೋದೆ, ಹಾರ ಹಾಕಿದೆ, ಬಂದೆ. ಸಿಟ್ಟಾಗಿದ್ದರೆ ಎಂದೋ ಇಳಿದುಹೋಗುತ್ತಿತ್ತು. ಇದು ಸಿಟ್ಟಲ್ಲ, ಅಸಹ್ಯ. ಅದು ಸಾವಿಗೂ ಹೆದರುವುದಿಲ್ಲ ಎಂದು ಅವತ್ತು ಗೊತ್ತಾಯಿತು.

ಶಿವಗಣಾರಾಧನೆಯ ಹೊತ್ತಿಗೆ ಒಂದು ಸ್ಮರಣ ಸಂಚಿಕೆ ತರುತ್ತಾರಂತೆ. ಹಳೆಯ ಸಹೋದ್ಯೋಗಿ ಎಂದು ನನ್ನಿಂದಲೂ ಎರಡು ಪುಟ ಕೇಳಿದರು. “ಸಜ್ಜನರು, ಮಿತಭಾಷಿಗಳು, ಕೆಲಸ ಅಂದ್ರೆ ಅಚ್ಚುಕಟ್ಟು, ಅಂಥದ್ದೇನಾದ್ರೂ ಬರೀರಿ ಸಾರ್” ಎಂದು ವಿಷಯವನ್ನೂ ಅವರೇ ಒದಗಿಸಿದರು. ಆ ಮಾತುಗಳಲ್ಲಿ ಒಂದೂ ಸುಳ್ಳಲ್ಲ. ಅವರು ಸಜ್ಜನರೇ. ಮಾತು ಕಡಿಮೆಯೇ. ಅಚ್ಚುಕಟ್ಟಿನ ವಿಷಯವಂತೂ ಹೇಳುವುದೇ ಬೇಡ. ಇಷ್ಟೆಲ್ಲ ಇದ್ದೂ ಅವರನ್ನು ನೆನೆದರೆ ನನಗೆ ಅಸಹ್ಯ. ಯಾಕೆ ಎಂದು ಹೇಳಲು ಎರಡು ಪುಟ ಸಾಲದು, ಹೇಳಿದರೂ ಸಂಚಿಕೆಯವರು ಅಚ್ಚು ಹಾಕುವುದಿಲ್ಲ. ಹಾಗಾಗಿ ಇದನ್ನು ಬೇರೆಯೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಅವರ ಹೆಂಡತಿ ಒಳ್ಳೆಯ ಹೆಂಗಸು, ಈ ವಯಸ್ಸಿನಲ್ಲಿ ಅವರಿಗೆ ಇದೆಲ್ಲ ಬೇಡ.

ಮೈಸೂರಿನ ಒಂದು ಧಾರ್ಮಿಕ ಟ್ರಸ್ಟಿನ ಪ್ರಕಟಣ ವಿಭಾಗದಲ್ಲಿ ನಾವಿಬ್ಬರೂ ಇದ್ದೆವು. ನಾನು ಕರಡು ತಿದ್ದುವವನು. ತಪ್ಪು ಕಂಡರೆ ಮೈ ಉರಿಯುವ ಸ್ವಭಾವ ನನ್ನದು, ಆ ಸ್ವಭಾವಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ಅವರದು ಕಂಪ್ಯೂಟರ್ ವಿಭಾಗ. ವಿಭಾಗ ಎಂದರೆ ಅವರೊಬ್ಬರೇ. ಮೊದಲು ಟ್ರಸ್ಟಿನದೇ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವರು. ತೊಂಬತ್ತರ ದಶಕದಲ್ಲಿ ನಮ್ಮ ಕಚೇರಿಗೆ ಮೊದಲ ಕಂಪ್ಯೂಟರ್ ಬಂದಾಗ ಅದಕ್ಕೆಂದು ಒಂದು ಕೋಣೆ ಖಾಲಿ ಮಾಡಿ, ಚಪ್ಪಲಿ ಬಿಟ್ಟು ಒಳಗೆ ಹೋಗಬೇಕೆಂದು ಬೋರ್ಡು ಹಾಕಿದ್ದರು. ಒಳಗೆ ಹೋದವರೆಲ್ಲ ಅದರ ಮುಖ ನೋಡಿ, ಕೈ ಕಟ್ಟಿಕೊಂಡು ನಿಂತು, ಹೊರಗೆ ಬರುತ್ತಿದ್ದರು. ಅದರ ಜೊತೆಗೆ ಬಂದ ದಪ್ಪ ಪುಸ್ತಕವನ್ನು ಪೂರ್ತಿ ಓದಿದವರು ಇವರೊಬ್ಬರೇ. ಓದಿ ಮುಗಿಸುವ ಹೊತ್ತಿಗೆ ಕಾಲೇಜು ಬಿಟ್ಟು ಅದೇ ಕೋಣೆಗೆ ಬಂದುಬಿಟ್ಟಿದ್ದರು.

ನೋಡಲು ಸಣ್ಣಗೆ, ಬೆಳ್ಳಗೆ. ಹಣೆಯಲ್ಲಿ ಮೂರೆಳೆ ವಿಭೂತಿ, ಬಿಳಿಯ ಅರ್ಧ ತೋಳಿನ ಷರಟು, ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸಣ್ಣ ಬ್ರಷ್ಷು. ಕೀಬೋರ್ಡಿನ ಸಂದಿಯ ಧೂಳನ್ನು ಆ ಬ್ರಷ್ಷಿನಿಂದ ತೆಗೆಯುತ್ತಿದ್ದರು, ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಬೆಳಿಗ್ಗೆ ಬಂದವರು ಮೊದಲು ಪ್ರತಿ ಕಂಪ್ಯೂಟರಿನ ತಲೆಯ ಮೇಲೂ ಅಂಗೈ ಇಡುತ್ತಿದ್ದರು, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ. ಅವರ ತಂದೆಗೆ ಸಂತೆಪೇಟೆಯಲ್ಲಿ ಬೆಲ್ಲದ ಮಂಡಿ ಇತ್ತು. “ನಮ್ಮಪ್ಪ ಬೆಲ್ಲ ಮುಟ್ಟಿ ನೋಡಿ ಯಾವ ಊರಿನ ಆಲೆಮನೇದು ಅಂತ ಹೇಳೋರು. ನಂಗೆ ಆ ವಿದ್ಯೆ ಬರ್ಲಿಲ್ಲ, ಇದಾದ್ರೂ ಬರ್ಲಿ ಅಂತ” ಎಂದು ನಗುತ್ತಿದ್ದರು. ಯಾರ ಮೇಲೂ ದನಿ ಎತ್ತಿದವರಲ್ಲ. ಕಂಪ್ಯೂಟರ್ ನಿಧಾನವಾದರೆ ನಾವು ಮೌಸನ್ನು ಕುಟ್ಟುತ್ತಿದ್ದೆವು, ಅವರು ಕುರ್ಚಿ ಎಳೆದುಕೊಂಡು ಕೂತು “ಅವಸರ ಬೇಡ ಕಣ್ರೀ, ಅದೂ ಒಸಿ ಯೋಚ್ನೆ ಮಾಡ್ಲಿ” ಎನ್ನುತ್ತಿದ್ದರು.

ಇಡೀ ಕಚೇರಿಯನ್ನು ಲಿನಕ್ಸ್ ಎಂಬ, ದುಡ್ಡು ಕೊಡದೆ ಯಾರು ಬೇಕಾದರೂ ಬಳಸಬಹುದಾದ ವ್ಯವಸ್ಥೆಗೆ ಬದಲಾಯಿಸಿದವರೂ ಅವರೇ. ಅದಕ್ಕೆ ಮುಂಚೆ ಎಲ್ಲರ ಹಾಗೆ ನಾವೂ ಯಾರಿಂದಲೋ ನಕಲು ಮಾಡಿಕೊಂಡ ಸಾಫ್ಟ್‌ವೇರಿನಲ್ಲೇ ಕೆಲಸ ನಡೆಸುತ್ತಿದ್ದೆವು. ಅದು ಅವರಿಗೆ ಹಿಡಿಸುತ್ತಿರಲಿಲ್ಲ. “ಕದ್ದ ಮಾಲಿಟ್ಕೊಂಡು ದೇವ್ರ ಪುಸ್ತಕ ಮಾಡೋದಾ?” ಎಂದು ಟ್ರಸ್ಟಿನ ಕಾರ್ಯದರ್ಶಿಗಳ ಮುಂದೆಯೇ ಕೇಳಿದ್ದರು. ಬೆಂಗಳೂರಿನಿಂದ ಸೀಡಿಗಳನ್ನು ತರಿಸಿ, ವಾರಗಟ್ಟಲೆ ಕೂತು, ಅಷ್ಟು ಹೊತ್ತಿಗೆ ನಾಲ್ಕಾಗಿದ್ದ ಕಂಪ್ಯೂಟರುಗಳಿಗೆಲ್ಲ ಲಿನಕ್ಸ್ ಹಾಕಿ, ಕನ್ನಡ ಮೂಡುವಂತೆ ಮಾಡಿದರು. ಇದು ಏನು, ಹೇಗೆ ಬೇರೆ ಎಂದು ನಾನು ಕೇಳಿದಾಗ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಇದ್ರಲ್ಲಿ ಮುಚ್ಚಿಡೋದು ಅನ್ನೋದೇ ಇಲ್ಲ ಕಣ್ರೀ. ಬರೆದೋರು ಒಳಗೆ ಏನ್ ಬರೆದಿದಾರೆ ಅಂತ ಯಾರ್ ಬೇಕಾದ್ರೂ ಬಿಚ್ಚಿ ನೋಡ್ಬೋದು. ತಪ್ಪಿದ್ರೆ ತಪ್ಪು ಅಂತ ಹೇಳ್ಬೋದು. ಮಾಡ್ದೋನು ಹೌದು ನಂದೇ ಅಂತ ಒಪ್ಕೊಂಡು ಸರಿ ಮಾಡ್ತಾನೆ.” ದಿನವಿಡೀ ಬೇರೆಯವರ ತಪ್ಪು ಹುಡುಕುವ ನನಗೆ ಇದಕ್ಕಿಂತ ಇನ್ನೇನು ಬೇಕು? ಅವತ್ತಿನಿಂದ ನಾನು ಅವರ ಶಿಷ್ಯನೇ ಆಗಿಬಿಟ್ಟೆ. ಮದುವೆ ಮನೆಯಿಂದ ಬೇರೆಯವರ ಕೊಡೆಯನ್ನು ತಪ್ಪಿ ತಂದದ್ದಕ್ಕೆ ಮರುದಿನವೇ ನಂಜನಗೂಡಿಗೆ ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದ ಮನುಷ್ಯ. ಕೊಡೆಯ ವಿಷಯದಲ್ಲಿ ಅವರಷ್ಟು ಪ್ರಾಮಾಣಿಕರನ್ನು ನಾನು ಇಂದಿಗೂ ಕಂಡಿಲ್ಲ.

ಸುಜಾತ ಬಂದದ್ದು ಅದಾದ ಮೇಲೆ. ಅಶೋಕಪುರಂನವಳು, ಅದು ದಲಿತರ ಬಡಾವಣೆ ಎಂದು ಮೈಸೂರಿನವರಿಗೆಲ್ಲ ಗೊತ್ತು. ತಂದೆ ರೈಲ್ವೆ ವರ್ಕ್‌ಶಾಪಿನಲ್ಲಿದ್ದು ನಿವೃತ್ತರಾದವರು. ಟೈಪಿಂಗ್ ಕೆಲಸಕ್ಕೆ ಬಂದ ಹತ್ತಾರು ಜನರಲ್ಲಿ ಅವಳದೇ ಕೈ ಮುಂದಿತ್ತು. ಕಾರ್ಯದರ್ಶಿಗಳು ಅರ್ಜಿಯ ವಿಳಾಸ ನೋಡಿ ಮೀಸೆ ಸವರಿಕೊಂಡರು, ಇನ್ನೂ ಇಬ್ಬರನ್ನು ನೋಡೋಣ ಎಂದರು. ಆಗ ಇವರು “ಕೈ ನೋಡಿ ಸಾರ್, ಬೀದಿ ನೋಡ್ಬೇಡಿ” ಎಂದು ಮೆಲ್ಲಗೆ ಹೇಳಿ ಅವಳನ್ನು ಸೇರಿಸಿದರು. ಇದನ್ನೂ ನಾನು ಬರೆಯಲೇಬೇಕು, ಬರೆಯದಿದ್ದರೆ ನಾನೂ ಸ್ಮರಣ ಸಂಚಿಕೆಯವರ ಹಾಗೆಯೇ ಆದೆ. ಸುಜಾತ ಕೀಬೋರ್ಡು ನೋಡದೆ ಟೈಪು ಮಾಡುತ್ತಿದ್ದಳು. ಹಸ್ತಪ್ರತಿಯಲ್ಲಿ ವಾಕ್ಯ ಮುಗ್ಗರಿಸಿದರೆ ಅಲ್ಲೇ ನಿಲ್ಲಿಸಿ, “ಸಾ, ಇವ್ರು ಬರೀತಾ ಬರೀತಾ ನಿದ್ದೆ ಮಾಡ್ಬುಟ್ಟವ್ರೆ, ಒಸಿ ನೋಡಿ” ಎಂದು ನನ್ನನ್ನು ಕರೆಯುತ್ತಿದ್ದಳು. ಮನುಷ್ಯರೆಲ್ಲ ಒಂದೇ, ಹುಟ್ಟಿನಿಂದ ಮೇಲು ಕೀಳಿಲ್ಲ ಎಂದು ಸಾರುವ ಪುಸ್ತಕಗಳೇ ನಮ್ಮಲ್ಲಿ ಹೆಚ್ಚು. ಅವನ್ನೆಲ್ಲ ಟೈಪು ಮಾಡುತ್ತಿದ್ದವಳು ಅವಳೇ. ಮನೆಗೆ ಬರುತ್ತಿದ್ದ ಸಂಬಳ ಅವಳದೊಂದೇ, ತಂದೆಯ ಪಿಂಚಣಿ ಅವರ ಔಷಧಿಗೇ ಆಗುತ್ತಿತ್ತು.

ಇನ್ನು ಶ್ರೀಯ ವಿಷಯ. ಹಿಂದೆ ಯಾರೇ ಏನೇ ಬರೆಯಲು ಕೂತರೂ ಹಾಳೆಯ ನೆತ್ತಿಯ ಮೇಲೆ ಒಂದು ಶ್ರೀ ಹಾಕುತ್ತಿದ್ದರಲ್ಲ, ಅದನ್ನು ಇವರು ಕಂಪ್ಯೂಟರಿಗೆ ತಂದರು. ನಮ್ಮ ಎಲ್ಲ ಕೆಲಸವೂ ಸುಜಾತಳ ಕಂಪ್ಯೂಟರಿನ ಒಂದು ದೊಡ್ಡ ಫೋಲ್ಡರಿನಲ್ಲಿತ್ತು. ಅದನ್ನು ತೆರೆದರೆ ಮೊದಲು ಕಾಣುವುದು ಟ್ರಸ್ಟಿನ ಮೂಲಗುರುಗಳ ಚಿತ್ರ, ಒಂದು ಪ್ರಾರ್ಥನೆ. ಅದರೊಳಗೆ ಪುಸ್ತಕಕ್ಕೊಂದು ಫೋಲ್ಡರು, ಪುಸ್ತಕದೊಳಗೆ ಅಧ್ಯಾಯಕ್ಕೊಂದು. ಹೊಸ ಫೋಲ್ಡರನ್ನು ಯಾರೇ ಮಾಡಿದರೂ ಅದರಲ್ಲಿ ಮೊದಲು ಒಂದು ಶ್ರೀ ಹಾಕಬೇಕು ಎಂದು ಇವರು ನಿಯಮ ಮಾಡಿದರು. ಆ ಶ್ರೀ ಬರಿಯ ಅಕ್ಷರವಲ್ಲ, ಒಂದು ಬಾಗಿಲು. ಒತ್ತಿದರೆ ನೇರ ಆ ಮೊದಲಿನ ದೊಡ್ಡ ಫೋಲ್ಡರಿಗೆ, ಗುರುಗಳ ಚಿತ್ರದ ಮುಂದಕ್ಕೆ ಬಂದು ನಿಲ್ಲುತ್ತಿದ್ದೆವು. “ಎಲ್ಲೇ ಕಳೆದೋಗಿರಿ, ಶ್ರೀ ಒತ್ತಿದ್ರೆ ಗುರುಗಳ ಪಾದದ ಹತ್ರ ಬಂದ್ಬಿಡ್ತೀರಿ” ಎಂದು ಎಲ್ಲರಿಗೂ ಕೈ ಹಿಡಿದು ತೋರಿಸಿದರು. ಅನುಕೂಲವಾಗಿತ್ತು, ಸುಳ್ಳು ಹೇಳಲಾರೆ. ಕಾರ್ಯದರ್ಶಿಗಳಿಗಂತೂ ಇದು ಎಷ್ಟು ಹಿಡಿಸಿತೆಂದರೆ ಬಂದ ಅತಿಥಿಗಳಿಗೆಲ್ಲ ಒತ್ತಿ ಒತ್ತಿ ತೋರಿಸುತ್ತಿದ್ದರು. ಯಾರಾದರೂ ಶ್ರೀ ಹಾಕದೆ ಫೋಲ್ಡರು ಮಾಡಿದರೆ ಇವರಿಗೆ ನೋವಾಗುತ್ತಿತ್ತು. ಬೈಯುತ್ತಿರಲಿಲ್ಲ, ತಾವೇ ಕೂತು ಹಾಕಿ ಎದ್ದು ಹೋಗುತ್ತಿದ್ದರು. ಕೆಲವು ವರ್ಷಗಳಲ್ಲಿ ನಮ್ಮಲ್ಲಿ ಶ್ರೀ ಇಲ್ಲದ ಫೋಲ್ಡರೇ ಇರಲಿಲ್ಲ.

ಅವರಿಗಿದ್ದ ಇನ್ನೊಂದು ವ್ರತ ಅಪ್‌ಡೇಟು. ಲಿನಕ್ಸ್ ಬರೆಯುವವರು ಎಲ್ಲೆಲ್ಲೋ ಕೂತು ತಿದ್ದಿದ್ದನ್ನು ಇಂಟರ್ನೆಟ್ಟಿನಲ್ಲಿ ಇಳಿಸಿಕೊಂಡು ನಮ್ಮ ಕಂಪ್ಯೂಟರುಗಳಿಗೆ ಹಾಕುವ ಕೆಲಸ ಅದು. ಸೋಮವಾರ ಶಿವನ ವಾರ ಎಂದು ಅಂದೇ ಹಾಕುತ್ತಿದ್ದರು. ಬೆಳಿಗ್ಗೆ ಪೂಜೆ ಮುಗಿಸಿ, ಒಪ್ಪೊತ್ತಿನಲ್ಲಿದ್ದು, ಒಂದೊಂದು ಕಂಪ್ಯೂಟರಿನ ಮುಂದೆಯೂ ಕೂತು ಇಳಿಸುತ್ತಿದ್ದರು. ಅದು ಯಾಕೆ ಬೇಕು, ಎಲ್ಲ ಸರಿಯಾಗೇ ಇದೆಯಲ್ಲ ಎಂದರೆ, “ಸ್ನಾನ ಯಾಕ್ ಮಾಡ್ತೀರಿ?” ಎಂದು ತಿರುಗಿ ಕೇಳುತ್ತಿದ್ದರು.

ದಸರಾ ರಜೆ ಮುಗಿದ ಮೇಲಿನ ಒಂದು ಸೋಮವಾರ ಹಾಗೆ ಇಳಿಸಿದ ಅಪ್‌ಡೇಟಿನ ಮರುದಿನ ಸುಜಾತಳ ಕಂಪ್ಯೂಟರಿಗೆ ಹುಚ್ಚು ಹಿಡಿಯಿತು. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗತೊಡಗಿತು. ಅವಳು ಒಂದು ಸಾಲು ಟೈಪು ಮಾಡಿ ಕೈ ಕಟ್ಟಿ ಕೂತರೆ ಅಕ್ಷರಗಳು ಒಂದೊಂದಾಗಿ, ಯಾರದೋ ಒತ್ತಾಯಕ್ಕೆ ಬಂದಂತೆ ಬರುತ್ತಿದ್ದವು. ಮೌಸಿನ ಬಾಣ ಇದ್ದಲ್ಲೇ ಇರುತ್ತಿತ್ತು. ಇವರು ಬಂದು ತಲೆಯ ಮೇಲೆ ಅಂಗೈ ಇಟ್ಟವರು ಸರಕ್ಕನೆ ತೆಗೆದರು. “ಸುಡ್ತಾ ಇದೆ ಕಣಮ್ಮ” ಎಂದರು. ಮೂಲಗುರುಗಳ ಸಮಗ್ರ ಬರಹಗಳ ಸಂಪುಟ ಅಚ್ಚಿಗೆ ಹೋಗಬೇಕಾಗಿತ್ತು. ಕೆಲಸವೆಲ್ಲ ಅದೇ ಕಂಪ್ಯೂಟರಿನಲ್ಲಿ, ಅದು ನಿಂತರೆ ನಾಲ್ಕೂ ನಿಂತಂತೆ.

ಅವರು ದುರಸ್ತಿಗೆ ಕೂತ ರೀತಿಯನ್ನು ನೋಡಬೇಕಿತ್ತು. ಮೊದಲು ಮುಚ್ಚಳ ಬಿಚ್ಚಿ ಫ್ಯಾನಿನ ಧೂಳು ತೆಗೆದರು. ಆಯುಧಪೂಜೆಯ ಕುಂಕುಮ ಒಳಗೆ ಬಿದ್ದಿರಬಹುದೇ ಎಂದು ಟಾರ್ಚು ಹಾಕಿ ನೋಡಿದರು. ಆಮೇಲೆ ಯಾವ ಯಾವ ಪ್ರೋಗ್ರಾಮು ಎಷ್ಟೆಷ್ಟು ತಿನ್ನುತ್ತಿದೆ ಎಂದು ತೋರಿಸುವ ಪಟ್ಟಿಯನ್ನು ಕಪ್ಪು ಪರದೆಯಲ್ಲಿ ತೆರೆದರು. ಮೇಲ್ಗಡೆಯೇ ಒಂದು ಹೆಸರು ಕೂತಿತ್ತು, ಪ್ರೊಸೆಸರಿನ ಶಕ್ತಿಯನ್ನೆಲ್ಲ ಅದೊಂದೇ ನುಂಗುತ್ತಿತ್ತು. ಹೊಸ ಅಪ್‌ಡೇಟಿನ ಜೊತೆ ಬಂದದ್ದು. ನಾವು ಹುಡುಕುವ ಮುಂಚೆಯೇ ಎಲ್ಲ ಫೈಲುಗಳನ್ನೂ ಓದಿಟ್ಟುಕೊಂಡು, ಕೇಳಿದ ತಕ್ಷಣ ಎಲ್ಲಿದೆ ಎಂದು ಹೇಳುವುದು ಅದರ ಕೆಲಸವಂತೆ. “ಒಂದು ಸಲ ಎಲ್ಲಾ ಓದಿ ಮುಗಿಸ್ಲಿ, ಆಮೇಲೆ ತಾನೇ ಸುಮ್ನಾಗತ್ತೆ” ಎಂದರು. ಅದು ಓದಿ ಮುಗಿಸಲೇ ಇಲ್ಲ. ಅದನ್ನು ನಿಲ್ಲಿಸಿದರು, ತಾನೇ ಮತ್ತೆ ಎದ್ದಿತು. ಹಳೆಯ ಅಪ್‌ಡೇಟಿಗೆ ಹಿಂತಿರುಗಲು ನೋಡಿದರು, ಒಂದನ್ನು ತೆಗೆದರೆ ಹತ್ತು ಹೋಗುತ್ತದೆ ಎಂದು ಅದು ಹೆದರಿಸಿತು. ಕೊನೆಗೆ ಲಿನಕ್ಸ್ ಬಳಸುವವರು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಇಮೇಲ್ ಗುಂಪಿಗೆ ವಿವರವಾಗಿ ಬರೆದು ಉತ್ತರ ಕಾಯುತ್ತ ಕೂತರು. ಇಷ್ಟರಲ್ಲೂ ಅವರ ಮುಖ ಸಿಂಡರಿಸಿದ್ದನ್ನು ನಾನು ಕಾಣಲಿಲ್ಲ.

ಮುಖ ಸಿಂಡರಿಸಿದವರು ಕಾರ್ಯದರ್ಶಿಗಳು. ವೈರಸ್ ಎಂಬ ಮಾತು ಯಾರೋ ಅವರ ಕಿವಿಗೆ ಹಾಕಿದ್ದರು. ಸುಜಾತ ರಜೆಯ ಮುಂಚೆ ಪೆನ್ ಡ್ರೈವಿನಲ್ಲಿ ಅಕ್ಕನ ಮಗುವಿನ ನಾಮಕರಣದ ಫೋಟೋ ತಂದು ನಮಗೆಲ್ಲ ತೋರಿಸಿದ್ದಳು. ನಾವೆಲ್ಲ ನೋಡಿ ಮಗು ಮುದ್ದಾಗಿದೆ ಎಂದಿದ್ದೆವು, ಇವರೂ ಎಂದಿದ್ದರು. ಈಗ ಅದೇ ಅಪರಾಧವಾಯಿತು. “ಎಲ್ಲೆಲ್ಲೀದೋ ತಂದು ಗುರುಗಳ ಮಿಷನ್ನಿಗೆ ಚುಚ್ಚಿದ್ರೆ ಇನ್ನೇನಾಗತ್ತೆ? ಆ ಕಡೆಯೋರ್ನ ಸೇರಿಸ್ಕೊಳ್ಳೋವಾಗ್ಲೇ ಹೇಳ್ದೆ ನಾನು” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಮರುದಿನ ಪೂಜೆಯ ಅಯ್ಯನವರನ್ನು ಕರೆಸಿದರು. ಅಯ್ಯನವರು ಕಂಪ್ಯೂಟರಿನ ಸುತ್ತ ತೀರ್ಥ ಚಿಮುಕಿಸಿದರು. ಅದು ಅವರ ನಂಬಿಕೆ, ನನಗೇನು? ಆಮೇಲೆ ಕಾರ್ಯದರ್ಶಿಗಳು ಕಣ್ಣಲ್ಲೇ ತೋರಿಸಿದರು, ಅಯ್ಯನವರು ಅವಳು ಕೂರುವ ಕುರ್ಚಿಗೂ ಚಿಮುಕಿಸಿದರು. ಸುಜಾತ ಗೋಡೆಗೆ ಒರಗಿ ನಿಂತು ಅದನ್ನೆಲ್ಲ ನೋಡುತ್ತಿದ್ದಳು. ಅವತ್ತು ಅವಳು ಆ ಕುರ್ಚಿಯಲ್ಲಿ ಕೂರಲಿಲ್ಲ, ನನ್ನ ಮೇಜಿನ ಪಕ್ಕದ ಸ್ಟೂಲು ಎಳೆದುಕೊಂಡು ಕೂತಳು. ಇವರು ಆ ಹೊತ್ತಿಗೆ ಎಲ್ಲಿದ್ದರು ಎಂದರೆ ಅಲ್ಲೇ, ಕಿಟಕಿಯ ಹತ್ತಿರ, ಬ್ರಷ್ಷಿನಿಂದ ಇನ್ನೊಂದು ಕೀಬೋರ್ಡಿನ ಧೂಳು ತೆಗೆಯುತ್ತಿದ್ದರು.

ಇಮೇಲಿಗೆ ಉತ್ತರ ಬಂದದ್ದು ಅಂದು ಮಧ್ಯಾಹ್ನ. ಯಾವ ದೇಶದವನೋ, ಗುರುತು ಪರಿಚಯ ಇಲ್ಲದವನು, ಒಂದೇ ಸಾಲು ಬರೆದಿದ್ದ: ಅದು ಈ ಕ್ಷಣ ಯಾವ ಫೈಲು ಓದುತ್ತಿದೆ ನೋಡಿ. ಅದನ್ನು ನೋಡುವ ಆಜ್ಞೆಯನ್ನೂ ಕೊಟ್ಟಿದ್ದ. ಇವರು ಅದನ್ನು ಟೈಪು ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಕಪ್ಪು ಪರದೆಯ ತುಂಬ, ಇಂಗ್ಲಿಷ್ ಅಕ್ಷರಗಳಲ್ಲಿ, ಶ್ರೀ ಶ್ರೀ ಶ್ರೀ ಶ್ರೀ ಎಂದು ಸಾಲು ಸಾಲು ಓಡತೊಡಗಿತು. ಕೊನೆಯೇ ಇಲ್ಲ. ಯಾರೋ ಹರಕೆ ಹೊತ್ತು ಬರೆಯುತ್ತಿರುವಂತೆ ಇತ್ತು.

ನನಗೆ ಅರ್ಥವಾಗಲಿಲ್ಲ. ಅವರಿಗೆ ಆಯಿತು. ಮೇಷ್ಟರ ಬುದ್ಧಿ ಬಿಡುವುದಿಲ್ಲವಲ್ಲ, ನನಗೂ ವಿವರಿಸಿದರು. ಹೊಸ ಪ್ರೋಗ್ರಾಮು ಸಿಕ್ಕಿದ ಬಾಗಿಲನ್ನೆಲ್ಲ ತೆರೆದು ಒಳಗೆ ಹೋಗುತ್ತದೆ. ಪ್ರತಿ ಫೋಲ್ಡರಿನಲ್ಲೂ ಒಂದು ಶ್ರೀ. ಆ ಬಾಗಿಲು ಹೊಕ್ಕರೆ ಮೊದಲಿನ ಅಂಗಳಕ್ಕೇ ಬರುತ್ತದೆ, ಆದರೆ ಅದು ತಾನು ಹೊಸ ಮನೆಗೆ ಬಂದೆ ಎಂದುಕೊಂಡು ಅಲ್ಲಿನ ಎಲ್ಲ ಕೋಣೆಗಳನ್ನೂ ಮತ್ತೆ ಓದುತ್ತದೆ. ಅಲ್ಲೂ ಕೋಣೆಗೊಂದು ಶ್ರೀ. ಮತ್ತೆ ಅಂಗಳ. “ಪ್ರದಕ್ಷಿಣೆ ಹಾಕ್ತಾ ಇದೆ ಕಣ್ರೀ, ಪ್ರಳಯದ ತನಕ ಹಾಕಿದ್ರೂ ಮುಗಿಯಲ್ಲ” ಎಂದರು. ಕಾರಣ ಸಿಕ್ಕ ಖುಷಿಯಲ್ಲಿ ಅವರ ಮುಖ ಒಂದು ಗಳಿಗೆ ಅರಳಿತು. ಮರುಗಳಿಗೆ ಆ ಅರಳಿದ್ದು ಬಾಡಿದ್ದನ್ನೂ ನಾನು ನೋಡಿದೆ.

“ಹಾಗಾದ್ರೆ ಸುಜಾತಂದು ಏನೂ ತಪ್ಪಿಲ್ಲ” ಎಂದೆ.

“ಅವಳ್ದೇನಿದೆ ಪಾಪ” ಎಂದರು.

“ಕಾರ್ಯದರ್ಶಿಗಳಿಗೆ ಈಗ್ಲೇ ಹೇಳಿ ಸಾರ್.”

ಅವರು ಪರದೆಯನ್ನು ಮುಚ್ಚಿದರು. “ಶ್ರೀಯಿಂದ ಮಿಷನ್ ಕೆಟ್ತು ಅಂತ ಯಾವ ಬಾಯಲ್ಲಿ ಹೇಳ್ಲಿ ಕಣ್ರೀ? ನಿಧಾನಕ್ಕೆ ನೋಡೋಣ” ಎಂದರು. ಆ ಪ್ರೋಗ್ರಾಮನ್ನು ಮತ್ತೆ ಏಳದಂತೆ ಮಲಗಿಸಿದರು. ಶ್ರೀಗಳನ್ನು ಮುಟ್ಟಲಿಲ್ಲ. ಫ್ಯಾನು ಸುಮ್ಮನಾಯಿತು, ಕೋಣೆಯಲ್ಲಿ ಹೊರಗಿನ ಕಾಗೆಯ ದನಿಯೂ ಕೇಳಿಸುವಷ್ಟು ನಿಶ್ಶಬ್ದವಾಯಿತು.

ಸಂಜೆ ಕಾರ್ಯದರ್ಶಿಗಳ ಕೋಣೆಯಲ್ಲಿ ನಾವೆಲ್ಲ ಸೇರಿದೆವು. ಸುಜಾತ ಬಾಗಿಲ ಬಳಿ ನಿಂತಿದ್ದಳು. ಮಿಷನ್ ಸರಿಯಾಗಿದೆ ಎಂದು ಇವರು ಹೇಳಿದರು. “ಸರಿಯಾದ್ದು ತೀರ್ಥದಿಂದ. ಕೆಟ್ಟಿದ್ದು ಯಾತರಿಂದ? ಆ ಪೆನ್ ಡ್ರೈವಿಂದ ತಾನೇ?” ಎಂದು ಕಾರ್ಯದರ್ಶಿಗಳು ಕೇಳಿದರು.

ಇವರು ಜೇಬಿನ ಬ್ರಷ್ಷನ್ನು ಸರಿ ಮಾಡಿಕೊಂಡರು. “ಇರಬಹುದು ಸಾರ್” ಎಂದರು.

ನನಗೆ ತಡೆಯಲಿಲ್ಲ. ಅಲ್ಲ ಸಾರ್, ಕಾರಣ ಬೇರೆ, ಮಧ್ಯಾಹ್ನ ನಾನೇ ಕಣ್ಣಾರೆ ನೋಡಿದೆ ಎಂದು ಶ್ರೀಯ ಸುತ್ತಾಟವನ್ನೆಲ್ಲ ನನಗೆ ತಿಳಿದಷ್ಟು ಹೇಳಿದೆ. ಕಾರ್ಯದರ್ಶಿಗಳ ಕಣ್ಣು ಕೆಂಪಾಯಿತು. “ಶ್ರೀಯಿಂದ ಕೆಡತ್ತೇನ್ರೀ? ಮಾತು ಬಿಗಿ ಹಿಡಿದು ಆಡಿ” ಎಂದವರು ಇವರ ಕಡೆ ತಿರುಗಿದರು. ಇವರು ನನ್ನನ್ನು ನೋಡಿ ನಕ್ಕರು, ದಡ್ಡ ವಿದ್ಯಾರ್ಥಿಯನ್ನು ನೋಡಿ ನಗುವ ಅದೇ ಪ್ರೀತಿಯ ನಗು. “ಅವರು ಕರಡು ನೋಡೋರು ಸಾರ್. ಪರದೆ ಮೇಲೆ ಏನೋ ಓಡಿದ್ದು ನೋಡಿ ಗಾಬರಿಯಾಗಿದಾರೆ. ಅದು ಬೇರೆ ವಿಷ್ಯ” ಎಂದರು.

ಸುಜಾತ ಆಗ ಮುಂದೆ ಬಂದಳು. “ಸಾ, ನೀವೇ ಹೇಳಿ. ನಿಮ್ಗೆ ಗೊತ್ತಿಲ್ದೇ ಇರೋದಿಲ್ಲ. ನನ್ ಪೆನ್ ಡ್ರೈವಿಂದ್ಲೇ ಆಯ್ತಾ ಇದು?” ಎಂದಳು. ದನಿ ಗಟ್ಟಿಯಾಗಿಯೇ ಇತ್ತು. ಇವರು ನೆಲ ನೋಡಿದರು, ಮೇಜು ನೋಡಿದರು, “ಹೋಗ್ಲಿ ಬಿಡಮ್ಮ” ಎಂದರು. ಹೋಗಲಿ ಬಿಡು ಎಂದದ್ದನ್ನು ಕಾರ್ಯದರ್ಶಿಗಳು ತೀರ್ಪು ಎಂದೇ ತೆಗೆದುಕೊಂಡರು. ನಾಳೆಯಿಂದ ಬರುವುದು ಬೇಡ ಎಂದುಬಿಟ್ಟರು.

ಅವಳು ಅಳಲಿಲ್ಲ, ಜಗಳ ತೆಗೆಯಲಿಲ್ಲ. ಕಂಪ್ಯೂಟರಿನ ಹತ್ತಿರ ಹೋಗಿ ನಿಂತುಕೊಂಡೇ ತನ್ನ ಅರೆಬರೆ ಅಧ್ಯಾಯವನ್ನು ಸೇವ್ ಮಾಡಿ, ಆಫ್ ಮಾಡಿದಳು. ಹೊರಡುವಾಗ ನನ್ನ ಹತ್ತಿರ ಬಂದು, “ಕೊನೇ ಪ್ಯಾರಾ ಉಳ್ಕಂಡದೆ ಸಾ, ಬಂದೋರ್ಗೆ ಹೇಳಿ” ಎಂದಳು. ಅವಳ ಹಿಂದೆ ಮೆಟ್ಟಿಲಿನವರೆಗೆ ಹೋದೆ. ಇವರು ಅಷ್ಟು ಹೊತ್ತಿಗೆ ಮನೆಗೆ ಹೋಗಿಬಿಟ್ಟಿದ್ದರು.

ಮುಂದಿನ ಸೋಮವಾರ ಇವರು ಎಂದಿನಂತೆ ಅಪ್‌ಡೇಟು ಹಾಕಿದರು. ಮಲಗಿಸಿದ್ದ ಪ್ರೋಗ್ರಾಮಿಗೆ ಹೊಸ ಆವೃತ್ತಿ ಬಂದಿತ್ತು, ಅದು ಎದ್ದು ಕೂತು ಮತ್ತೆ ಶ್ರೀ ಹುಡುಕಿಕೊಂಡು ಹೊರಟಿತು. ಫ್ಯಾನು ಕೂಗತೊಡಗಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಕರಡನ್ನು ಬಿಟ್ಟು ಎದ್ದು ನಿಂತೆ. ಸುಜಾತ ಇಲ್ಲ, ಪೆನ್ ಡ್ರೈವ್ ಇಲ್ಲ, ಕುರ್ಚಿ ಶುದ್ಧವಾಗಿದೆ. ಈಗಲಾದರೂ ನಿಜ ಹೊರಗೆ ಬರಲೇಬೇಕು ಎಂದುಕೊಂಡೆ. ಕಾರ್ಯದರ್ಶಿಗಳು ಓಡಿ ಬಂದು “ಮತ್ತೇನ್ರೀ ಇದು?” ಎಂದರು. ಇವರು ಕಂಪ್ಯೂಟರಿನ ಮೇಲೆ ಅಂಗೈ ಇಟ್ಟು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, “ಹಳೇದೇ ಸಾರ್. ಪೂರ್ತಿ ಹೋಗಿರ್ಲಿಲ್ಲ ಅಂತ ಕಾಣತ್ತೆ” ಎಂದರು. “ನೋಡಿ, ಹೋದ ಮೇಲೂ ಬಿಡಲ್ಲ ಅಂತಾರಲ್ಲ” ಎಂದು ಕಾರ್ಯದರ್ಶಿಗಳು ತಲೆಯಾಡಿಸಿದರು. ಅವಳು ನಿರಪರಾಧಿ ಎಂದು ಸಾರಬೇಕಾಗಿದ್ದ ಆ ಫ್ಯಾನಿನ ಕೂಗೇ ಅವಳ ಮೇಲಿನ ಇನ್ನೊಂದು ಸಾಕ್ಷಿಯಾಯಿತು.

ಆಮೇಲೂ ನಾವು ಕೆಲವು ವರ್ಷ ಒಂದೇ ಸೂರಿನ ಕೆಳಗೆ ಕೆಲಸ ಮಾಡಿದೆವು. ನಾನು ಅವರೊಂದಿಗೆ ಮಾತು ಬಿಟ್ಟೆ. ಅವರು ಬಿಡಲಿಲ್ಲ. ಹಬ್ಬಕ್ಕೆ ಎಳ್ಳುಬೆಲ್ಲ ತಂದು ನನ್ನ ಮೇಜಿನ ಮೇಲಿಡುತ್ತಿದ್ದರು. ನನಗೆ ಕಣ್ಣಿನ ಆಪರೇಷನ್ ಆದಾಗ ಕೇಳದೆಯೇ ನನ್ನ ಪರದೆಯ ಅಕ್ಷರಗಳನ್ನು ದೊಡ್ಡದು ಮಾಡಿಟ್ಟಿದ್ದರು. ಕೆಟ್ಟವನನ್ನು ದ್ವೇಷಿಸುವುದು ಸುಲಭ. ಎಳ್ಳುಬೆಲ್ಲ ತರುವವನನ್ನು ಏನು ಮಾಡುವುದು? ಆ ಶ್ರೀಗಳನ್ನು ಅವರು ಆಮೇಲೆ ಒಂದೊಂದಾಗಿ, ಯಾರಿಗೂ ಕಾಣದಂತೆ ತೆಗೆದುಹಾಕಿದರು. ಹೊಸ ಫೋಲ್ಡರಿಗೆ ಶ್ರೀ ಹಾಕಿ ಎಂದು ಹೇಳುವುದನ್ನೂ ನಿಲ್ಲಿಸಿದರು. ಕಾರ್ಯದರ್ಶಿಗಳು ಗಮನಿಸಲೇ ಇಲ್ಲ. ಒಂದು ಮಾತೂ ಆಡದೆ ಶ್ರೀಯನ್ನೇ ತೆಗೆದುಹಾಕಬಹುದಾಗಿತ್ತು, ಒಂದು ಮಾತು ಆಡಿ ಆ ಹುಡುಗಿಯನ್ನು ಉಳಿಸುವುದು ಮಾತ್ರ ಆಗಲಿಲ್ಲ. ನಿವೃತ್ತಿಯ ದಿನ ಶಾಲು ಹೊದಿಸಿ ಅವರ ಪಾರದರ್ಶಕ ವ್ಯಕ್ತಿತ್ವವನ್ನು ಹೊಗಳಿದರು. ನಾನು ಅಂದು ರಜೆ ಹಾಕಿದ್ದೆ.

ಹಾರ ಹಾಕಿ ಬಂದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಅಶೋಕಪುರಂಗೆ ಹೋದೆ. ಸುಜಾತ ಅಲ್ಲೇ ಮುಖ್ಯರಸ್ತೆಯಲ್ಲಿ ಜೆರಾಕ್ಸು, ಟೈಪಿಂಗಿನ ಅಂಗಡಿ ಇಟ್ಟುಕೊಂಡಿದ್ದಾಳೆ ಎಂದು ಕೇಳಿದ್ದೆ. ಯಾರದೋ ಅರ್ಜಿ ಟೈಪು ಮಾಡುತ್ತಿದ್ದವಳು ನನ್ನನ್ನು ಕಂಡು ಎದ್ದು ನಿಂತಳು. ನೆತ್ತಿಯಲ್ಲಿ ಒಂದೆರಡು ಬಿಳಿಕೂದಲು ಬಂದಿದ್ದವು. ನಾನು ಸುದ್ದಿ ಹೇಳಿದೆ. “ಗೊತ್ತಾಯ್ತು ಸಾ, ಪೇಪರ್ನಲ್ಲಿ ಫೋಟೋ ಬಂದಿತ್ತು” ಎಂದಳು. ಇನ್ನು ಮುಚ್ಚಿಡುವುದೇನಿದೆ ಎಂದು, ಆ ದಿನ ಕಂಪ್ಯೂಟರಿಗೆ ನಿಜವಾಗಿ ಏನಾಗಿತ್ತು ಎಂಬುದನ್ನು ಅವಳಿಗೆ ಬಿಡಿಸಿ ಹೇಳತೊಡಗಿದೆ. ಅವಳು ನಡುವೆಯೇ ಕೈಯೆತ್ತಿ ತಡೆದಳು.

“ಅದೂ ಗೊತ್ತು ಸಾ. ಅವ್ರೇ ಬಂದು ಹೇಳುದ್ರು.”

“ಯಾರು?”

“ಅವ್ರೇ. ನನ್ನ ಬುಡಿಸಿದ್ ವಾರ್ದಲ್ಲೇ, ಭಾನ್ವಾರ. ಬೀದಿ ಬೀದಿ ಕೇಳ್ಕಂಡ್ ಮನೆ ಹುಡಿಕ್ಕಂಡ್ ಬಂದಿದ್ರು. ಶ್ರೀ ಸುತ್ತೋ ಕತೆನೆಲ್ಲ ಹೇಳುದ್ರು. ತಪ್ಪು ನಂದು ಕಣಮ್ಮ, ನಿಂದೇನೂ ಇಲ್ಲ ಅಂದ್ರು. ಕಣ್ಣಲ್ ನೀರ್ ಹಾಕಂಡ್ರು ಸಾ.”

ಭಾನುವಾರ. ಅದರ ಮರುದಿನವೇ ಆ ಸೋಮವಾರ. ಇವಳ ಮನೆಯ ಮುಂದೆ ಕಣ್ಣೀರು ಹಾಕಿ ಹೋದವರು ಬೆಳಗಾಗುತ್ತಲೇ ಕಂಪ್ಯೂಟರಿನ ಮೇಲೆ ಕೈಯಿಟ್ಟು ‘ಹಳೇದೇ ಸಾರ್’ ಎಂದಿದ್ದರು. ಅದನ್ನು ಅವಳಿಗೆ ಹೇಳಲಿಲ್ಲ. ಬಾಯಲ್ಲಿ ನೀರೂರಿ ಉಗುಳಬೇಕೆನಿಸಿತು, ಅವಳ ಅಂಗಡಿ ಎಂದು ನುಂಗಿಕೊಂಡೆ.

“ನೀನೇನಂದೆ?” ಎಂದು ಕೇಳಿದೆ.

“ಇದ್ನ ಸೆಕ್ರೆಟ್ರಿ ಮುಂದೆ ಬಂದ್ ಹೇಳಿ ಸಾ ಅಂದೆ. ಅದೊಂದ್ ಆಗಕ್ಕಿಲ್ಲ ಕಣಮ್ಮ, ನನ್ನ ಕ್ಷಮಿಸಿದೀನಿ ಅಂತ ಒಂದ್ ಮಾತು ಹೇಳ್ಬುಡು, ನಂಗೆ ಸಾಕು ಅಂದ್ರು. ಬಾಗ್ಲಲ್ಲೇ ನಿಂತಿದ್ರು, ಒಳಕ್ ಬನ್ನಿ ಅಂದ್ರೂ ಬರ್ನಿಲ್ಲ. ಅಷ್ಟೊತ್ಗೆ ನಮ್ಮವ್ವ ಕಾಫಿ ಮಾಡ್ಕಂಡ್ ತಂದ್ಲು. ಮೊದ್ಲು ಕಾಫಿ ಕುಡೀರಿ ಸಾ, ಆಮೇಲ್ ಹೇಳ್ತೀನಿ ಅಂದೆ.”

“ಕುಡಿದರಾ?”

ಸುಜಾತ ಕೀಬೋರ್ಡಿನ ಕಡೆಗೆ ತಿರುಗಿದಳು. ಅರ್ಜಿಯವನು ಹೊರಗೆ ಕಾಯುತ್ತಿದ್ದ.

“ಈಗ್ತಾನೆ ಕುಡ್ಕಂಡ್ ಬಂದೆ ಕಣಮ್ಮ ಅಂದ್ರು ಸಾ” ಎಂದಳು. “ನಾನೂ ಏನೂ ಹೇಳ್ನಿಲ್ಲ.”